ಪುಟದ ಬಣ್ಣವೂ ಮುಖದ ಬಣ್ಣವೂ

ಸಂಸ್ಕೃತದಲ್ಲಿ ‘ರಂಜ್’ ಎಂಬುದೊಂದು ಧಾತು. ಬಣ್ಣವೇರುವುದು ಎಂಬುದೂ ಸಂತೋಷಪಡುವುದು ಎಂಬುದೂ ಅದರ ಅರ್ಥಗಳು. ರಾಗ, ರಂಜನೆ, ರಕ್ತ, ಅನುರಾಗ ಎಂಬ ಶಬ್ದಗಳೆಲ್ಲ ಆ ಒಂದೇ ಬೇರಿನಿಂದ ಚಿಗುರಿದವು. ಬಣ್ಣಗಳ ಆಯ್ಕೆಯಲ್ಲಿ ಕಣ್ಣಿಗೆ ಎಷ್ಟು ಪಾಲುಂಟೋ ಮನಸ್ಸಿಗೂ ಅಷ್ಟೇ ಪಾಲುಂಟೆಂಬುದನ್ನು ನಮ್ಮ ಹಿರಿಯರು ಶಬ್ದದಲ್ಲಿಯೇ ಸೂಚಿಸಿಟ್ಟಿರುವರೆನ್ನಬಹುದು. ಈ ತಿಂಗಳು ನಾವು ವಿಚಾರಮಾಡಬೇಕಾಗಿ ಬಂದಿರುವ ವಿಷಯವು ಹೊಸಗಾಲದ್ದು. ಅದರೊಳಗಿನ ತೊಡಕು ಮಾತ್ರ ಬಹಳ ಹಳೆಯದು.

ವಿಷಯವು ಸ್ಕ್ರಾಪ್‌ಬುಕ್ಕು. ಮನೆಯವರ ಭಾವಚಿತ್ರಗಳನ್ನು ಪುಸ್ತಕದ ಹಾಳೆಗಳಲ್ಲಿ ಅಂಟಿಸಿ, ಸುತ್ತಲೂ ಬಣ್ಣದ ಕಾಗದ, ರಿಬ್ಬನ್ನು, ಒಣಗಿದ ಹೂವು ಮೊದಲಾದವುಗಳಿಂದ ಅಲಂಕರಿಸಿ, ಕೆಳಗೆ ಎರಡು ಸಾಲು ಬರೆದಿಡುವ ಪದ್ಧತಿಯನ್ನು ಅನೇಕರು ಬಲ್ಲರು. ಈಗ ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಕತ್ತರಿ ಗೋಂದುಗಳಿಲ್ಲದೆ ಮಾಡುವರು. ಅದಕ್ಕೆ ಬೇಕಾದ ಹಿನ್ನೆಲೆಯ ಕಾಗದಗಳು, ಚೌಕಟ್ಟುಗಳು, ಎಲೆ ಹೂಗಳು, ಅಕ್ಷರಗಳು ಎಲ್ಲವನ್ನೂ ಚಿತ್ರರೂಪವಾಗಿ ಸಿದ್ಧಪಡಿಸಿ ಒಂದು ಗಂಟಾಗಿ ಕಟ್ಟಿಟ್ಟರೆ ಅದಕ್ಕೆ ಡಿಜಿಟಲ್ ಕಿಟ್ ಎಂದು ಹೆಸರು. ಕಾಗದವು ಸಾಮಾನ್ಯವಾಗಿ ೧೨ ಅಂಗುಲದ ಚೌಕ. ಅಂಗುಲಕ್ಕೆ ೩೦೦ ಚುಕ್ಕಿಗಳಂತೆ ಪ್ರತಿಯೊಂದು ಬದಿಗೂ ೩೬೦೦ ಚುಕ್ಕಿಗಳು. ಕಾಗದಗಳನ್ನು ಜೆಪೆಗ್ ರೂಪದಲ್ಲಿಯೂ, ಎಲೆ ಹೂ ಗುಂಡಿಗಳನ್ನು ಹಿನ್ನೆಲೆಯಿಲ್ಲದೆ ನಿಲ್ಲಬಲ್ಲ ಪಿಎನ್‌ಜಿ ರೂಪದಲ್ಲಿಯೂ ಇಡುವುದು ವಾಡಿಕೆ. ಕಿಟ್ಟಿನಲ್ಲಿ ಎಷ್ಟು ವಸ್ತುಗಳಿದ್ದರೂ ಅವೆಲ್ಲವೂ ಐದಾರು ಬಣ್ಣಗಳೊಳಗೆ ಅಡಗಿರಬೇಕು. ಇಲ್ಲದಿದ್ದರೆ ಒಂದರೊಡನೊಂದು ಹೊಂದಲಾರವು. ಆಯ್ದುಕೊಂಡ ಈ ಐದಾರು ಬಣ್ಣಗಳ ಗುಂಪನ್ನು ಪ್ಯಾಲೆಟ್ ಎನ್ನುವರು. ನಾವು ಬಣ್ಣದ ಸಾಲು ಎನ್ನೋಣ.

ನಮ್ಮ ವಾಚಕರಲ್ಲೊಬ್ಬ ಸೋದರಿಯು ಬರೆದಿರುವ ಕಾಗದದ ಸಾರಾಂಶವಿದು: ತಾಯಿಗೆ ಅರುವತ್ತು ತುಂಬಿದಾಗ ಅಕ್ಕತಂಗಿಯರು ಕೂಡಿ ಆಕೆಯನ್ನು ಎರಡು ದಿನದ ಮಟ್ಟಿಗೆ ಒಂದು ಸ್ನಾನಚಿಕಿತ್ಸೆಯ ಮನೆಗೆ, ಎಂದರೆ ಈಗಿನವರು ಸ್ಪಾ ಎನ್ನುವ ಸ್ಥಳಕ್ಕೆ, ಕರೆದುಕೊಂಡು ಹೋದರು. ಎಣ್ಣೆ ತಿಕ್ಕಿಸಿಕೊಂಡು, ಹಬೆಯಲ್ಲಿ ಕುಳಿತು, ತಲೆಗೆ ಟವೆಲು ಸುತ್ತಿಕೊಂಡು ತಾಯಿಯು ಮನಸ್ಸು ಬಿಚ್ಚಿ ನಗುತ್ತಿರುವ ಚಿತ್ರಗಳು ದೊರೆತುವು. ಮಗಳು ಸ್ಪಾ ಎಂಬ ಹೆಸರಿನ ಒಂದು ಕಿಟ್ಟನ್ನು ಕೊಂಡು ಪುಟವನ್ನು ಜೋಡಿಸಿದಳು. ಅದರಲ್ಲಿದ್ದುದು ಅಚ್ಚ ಬಿಳಿ, ಪುದೀನದ ಎಳೆಹಸಿರು, ಹೊಳೆಯುವ ತಿಳಿನೀಲಿ, ಈ ಮೂರು ಬಣ್ಣಗಳು. ತಾಯಿಯು ಪುಟವನ್ನು ನೋಡಿ, “ತೆಗೆದುಬಿಡು ಮಗೂ, ಇದರಲ್ಲಿ ನಾನು ಇದ್ದಲಿನ ಹಾಗೆ ಕಾಣ್ತೀನಿ” ಎಂದು ಎದ್ದು ಹೋದರಂತೆ. ಎಳೆಯ ವಯಸ್ಸಿನಿಂದಲೂ ತನ್ನ ಬಣ್ಣದ ವಿಷಯವಾಗಿ ನೆಂಟರ ಮಾತನ್ನು ಕೇಳಿ ಕೇಳಿ, ಫೋಟೋ ಎಂದರೆ ಹಿಂದಕ್ಕೆ ಸರಿಯುತ್ತಿದ್ದ ಹೆಂಗಸು ಆಕೆ. ಮಗಳು ಈಗ ತಾನೇ ಒಂದು ಕಿಟ್ಟನ್ನು ಮಾಡಬೇಕೆಂದಿದ್ದಾಳೆ. ಆಕೆಯ ಪ್ರಶ್ನೆಗಳು ಎರಡು: ಸ್ನಾನದ ವಿಷಯಕ್ಕೆ ತಕ್ಕ ಬಣ್ಣಗಳಾವುವು? ತಾಯಿಯ ಮುಖವನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ತಿಳಿಯಾಗಿಸಬಹುದೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಕೂಡದು. ಏಕೆಂಬುದು ಮುಂದಿನ ಮಾತುಗಳಿಂದ ಸ್ಪಷ್ಟವಾದೀತು.

ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿ ನೋಡಿರಿ. ಶಾಲೆಯ ಪುಸ್ತಕಗಳಿಗೆ ಹೊದಿಸುವ ಕಂದು ಕಾಗದದಿಂದ ಅಂಗೈಯಗಲದ ಮೂರು ತುಂಡುಗಳನ್ನು ಕತ್ತರಿಸಿರಿ. ಒಂದನ್ನು ಒಗೆದ ಬಿಳಿಯ ಬಟ್ಟೆಯ ಮೇಲೂ, ಇನ್ನೊಂದನ್ನು ಕಪ್ಪು ಬಟ್ಟೆಯ ಮೇಲೂ, ಮೂರನೆಯದನ್ನು ಹಸಿರು ಬೆರೆತ ನೀಲಿಯ ಮೇಲೂ ಇಟ್ಟು ದೂರದಿಂದ ನೋಡಿರಿ. ಬಿಳಿಯ ಮೇಲಿನ ತುಂಡು ಕಪ್ಪಾಗಿಯೂ, ಕಪ್ಪಿನ ಮೇಲಿನದು ತಿಳಿಯಾಗಿಯೂ, ನೀಲಿಹಸಿರಿನ ಮೇಲಿನದು ಕೆಂಪೇರಿದಂತೆಯೂ ಕಾಣುವುವು. ಮೂರೂ ಒಂದೇ ಹಾಳೆಯ ಮಕ್ಕಳು! ಕಾಗದವು ಬದಲಾಗಲಿಲ್ಲ, ನೆರೆಹೊರೆಯು ಬದಲಾಯಿತು.

ಈ ಸಂಗತಿಯನ್ನು ಶಾಸ್ತ್ರೀಯವಾಗಿ ನಿರೂಪಿಸಿದವನು ಫ್ರಾನ್ಸಿನ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ. ಈತನು ೧೮೨೪ರಲ್ಲಿ ಪ್ಯಾರಿಸಿನ ಗೊಬ್ಲೆನ್ ಎಂಬ ಪ್ರಖ್ಯಾತ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾದನು. ಅಲ್ಲಿಯ ಕಪ್ಪು ನೂಲಿಗೆ ಕಸುವಿಲ್ಲವೆಂದು ದೂರು ಬಂದಿತು. ಆತನು ಪರೀಕ್ಷಿಸಿ ನೋಡಲಾಗಿ, ಬಣ್ಣದಲ್ಲಿ ದೋಷವಿರಲಿಲ್ಲ. ನೀಲಿ ಮತ್ತು ನೇರಿಳೆಯ ನೂಲುಗಳ ಪಕ್ಕದಲ್ಲಿ ನೇಯ್ದುದರಿಂದ ಕಪ್ಪು ಸಪ್ಪೆಯಾಗಿ ಕಾಣುತ್ತಿದ್ದಿತು. ಅಕ್ಕಪಕ್ಕದಲ್ಲಿಟ್ಟ ಎರಡು ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧದಿಕ್ಕಿಗೆ ತಳ್ಳುವುವೆಂಬ ನಿಯಮವನ್ನು ಆತನು ೧೮೩೯ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿದನು. ನಮ್ಮ ಸೋದರಿಯ ಪುಟದಲ್ಲಿ ನಡೆದುದೂ ಇದೇ. ಅಚ್ಚ ಬಿಳುಪು ತಾಯಿಯ ಕಂದು ಮುಖವನ್ನು ಇನ್ನೂ ಕಪ್ಪಿಗೆ ತಳ್ಳಿತು; ಹೊಳೆಯುವ ನೀಲಿಹಸಿರು ಅದನ್ನು ಕೆಂಪಿಗೆ ಎಳೆಯಿತು. ತಪ್ಪು ಕಾಗದದ್ದಾಗಿರಲು ಶಿಕ್ಷೆಯನ್ನು ಮುಖಕ್ಕೆ ವಿಧಿಸುವುದು ಯಾವ ನ್ಯಾಯ?

ಭರತಮುನಿಯ ನಾಟ್ಯಶಾಸ್ತ್ರದಲ್ಲಿ, ವೇಷಭೂಷಣಗಳನ್ನು ವಿವರಿಸುವ ಆಹಾರ್ಯಾಭಿನಯದ ಪ್ರಕರಣದಲ್ಲಿ, ಬಿಳಿ, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಸಹಜವರ್ಣಗಳನ್ನು ಹೇಳಿ, ಅವುಗಳ ಮಿಶ್ರಣದಿಂದ ಉಳಿದವು ಹೇಗೆ ಹುಟ್ಟುವುವೆಂಬುದನ್ನು ತಿಳಿಸಿದೆ. ನೀಲಿಗೆ ಹಳದಿ ಕೂಡಿದರೆ ಹರಿತವರ್ಣ, ಬಿಳಿಗೆ ಕೆಂಪು ಕೂಡಿದರೆ ಪದ್ಮವರ್ಣ, ಹೀಗೆ. ಈ ಮಿಶ್ರಣವೆಲ್ಲವೂ ನಟನ ಮೈಗೂ ಮುಖಕ್ಕೂ ಬಳಿಯುವುದಕ್ಕಾಗಿ ಹೇಳಿದ್ದೆಂಬುದನ್ನು ಗಮನಿಸಬೇಕು. ಮೊದಲು ಪಾತ್ರವು ಯಾರೆಂಬುದನ್ನು ನಿಶ್ಚಯಿಸಿಕೊಂಡು ಆಮೇಲೆ ಬಣ್ಣದ ಬಟ್ಟಲಿಗೆ ಕೈಹಾಕುವುದು ಅಲ್ಲಿಯ ಕ್ರಮ. ಸ್ಕ್ರಾಪ್‌ಬುಕ್ಕಿನ ಪುಟಕ್ಕೂ ಈ ಕ್ರಮವೇ ಸರಿಯೆಂದು ನನ್ನ ಅಭಿಪ್ರಾಯ. ಪುಟದಲ್ಲಿ ಯಾರ ಮುಖ ಬರಲಿದೆ ಎಂಬುದು ಮೊದಲನೆಯ ಪ್ರಶ್ನೆ; ವಿಷಯವು ಸ್ನಾನವೋ ಸೀಮಂತವೋ ಎಂಬುದು ಎರಡನೆಯದು.

ಇನ್ನು ವಿಷಯಕ್ಕೆ ಬರೋಣ. ಸ್ಪಾ ಎಂದರೆ ಬಿಳಿ ಮತ್ತು ಎಳೆಹಸಿರು ಎಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಸ್ಪಾ ಎಂಬುದು ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಅಲ್ಲಿಯ ಚಿಲುಮೆಗಳ ಖ್ಯಾತಿಯಿಂದ ಆ ಹೆಸರೇ ಇಂಗ್ಲಿಷಿನಲ್ಲಿ ಎಲ್ಲ ಸ್ನಾನಸ್ಥಳಗಳಿಗೂ ಸಾಮಾನ್ಯನಾಮವಾಯಿತು. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯು ಯೂರೋಪಿನ ಏಳು ದೇಶಗಳ ೧೧ ಸ್ನಾನಪಟ್ಟಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಊರೂ ಅದರಲ್ಲಿ ಸೇರಿತು. ಅಲ್ಲಿಯ ಚಿಲುಮೆಗಳ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಆದುದರಿಂದ ಅದು ಹರಿದ ಕಡೆ ಕಲ್ಲಿಗೆ ತುಕ್ಕಿನ ಕೆಂಪು ಹತ್ತುವುದು. ಹೆಸರು ಕೊಟ್ಟ ಊರಿನ ಬಣ್ಣವೇ ಕಾವಿಗೆಂಪು!

ಆ ೧೧ರಲ್ಲಿಯೇ ಸೇರಿದ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸುಮಾರು ೪೬ ಡಿಗ್ರಿ ಸೆಲ್ಸಿಯಸ್ ಶಾಖದ ನೀರು ನೆಲದಿಂದ ಉಕ್ಕುತ್ತದೆ. ರೋಮನರು ಕಟ್ಟಿದ ಅಲ್ಲಿಯ ದೊಡ್ಡ ಕೊಳದ ನೀರು ಈಗ ಹಸಿರಾಗಿ ಕಾಣುವುದಷ್ಟೆ. ಆ ಹಸಿರು ನೀರಿನದಲ್ಲ, ಪಾಚಿಯದು. ರೋಮನರ ಕಾಲದಲ್ಲಿ ಕೊಳದ ಮೇಲೆ ಚಾವಣಿಯಿದ್ದು ಬಿಸಿಲು ಬೀಳುತ್ತಿರಲಿಲ್ಲವಾದುದರಿಂದ ಪಾಚಿಗೆ ಆಸ್ಪದವಿರಲಿಲ್ಲ. ಊರಿನ ಕಟ್ಟಡಗಳೆಲ್ಲ ಸುಣ್ಣಕಲ್ಲಿನವು, ಜೇನಿನ ಬಣ್ಣದವು. ಇನ್ನು ಐಸ್‌ಲೆಂಡಿನ ಬ್ಲೂ ಲಗೂನ್ ಎಂಬ ಬಿಸಿನೀರಿನ ಕೆರೆಯಲ್ಲಿ ನೀರು ಹಾಲು ಬೆರೆತ ನೀಲಿ. ಪಕ್ಕದ ಭೂಶಾಖದ ವಿದ್ಯುದಾಗಾರದಿಂದ ಹೊರಬಂದ ನೀರು ಅದು; ಅದರಲ್ಲಿರುವ ಸಿಲಿಕಾ ಎಂಬ ಸೂಕ್ಷ್ಮಪದಾರ್ಥವು ಬೆಳಕನ್ನು ಚದುರಿಸುವುದರಿಂದ ಆ ಬಣ್ಣ. ಸುತ್ತಲೂ ಕಪ್ಪು ಲಾವಾಶಿಲೆ.

ಇಲ್ಲಿಗೆ ನಮ್ಮ ಸಾಲು ತಾನಾಗಿಯೇ ಕೂಡಿಬಂದಿತು. ತುಕ್ಕಿನ ಕೆಂಪು, ಜೇನುಗಲ್ಲು, ಪಾಚಿಯ ಮಾಸಲು ಹಸಿರು, ಹಾಲುನೀಲಿ, ಕರಿಗಲ್ಲು, ಮತ್ತು ಒಗೆದು ಒಣಗಿಸಿದ ಅರಿವೆಯ ಬಿಳುಪು. ಪ್ರತಿಯೊಂದಕ್ಕೂ ಸ್ನಾನದ ಲೋಕದಲ್ಲಿ ಒಂದು ತವರುಮನೆಯಿದೆ. ಬಣ್ಣಗಳನ್ನು ಊರೂರು ಅಲೆದು ತಂದಂತಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ನರಕಚತುರ್ದಶಿಯ ಬೆಳಗಿನ ಜಾವದ ನಮ್ಮ ಬಚ್ಚಲಮನೆಯನ್ನು ನೆನೆದರೂ ಇವೇ ಕಾಣಸಿಗುವುವು. ತಾಮ್ರದ ಹಂಡೆ, ಕಡಲೆಹಿಟ್ಟಿನ ಬಟ್ಟಲು, ಅರೆದಿಟ್ಟ ಸೊಪ್ಪು, ಹಬೆಯಾಡುವ ನೀರು, ಒದ್ದೆಯಾದ ಕಲ್ಲುಚಪ್ಪಡಿ, ಮೊಳೆಗೆ ತಗುಲಿಸಿದ ಪಂಚೆ. ಈ ಹೆಸರುಗಳನ್ನೇ ಬಣ್ಣಗಳಿಗಿಟ್ಟರೆ ಮನೆಯವರೆಲ್ಲರ ಬಾಯಿಗೂ ಸುಲಭವಾದೀತು.

ಕಂಪ್ಯೂಟರು ಹೆಸರನ್ನರಿಯದು, ಅಂಕೆಯನ್ನು ಬಲ್ಲುದು. ಕೆಂಪು, ಹಸಿರು, ನೀಲಿ ಬೆಳಕುಗಳು ಒಂದೊಂದೂ ಸೊನ್ನೆಯಿಂದ ೨೫೫ರವರೆಗೆ ೨೫೬ ಮಟ್ಟಗಳಲ್ಲಿರುವುದರಿಂದ ಒಟ್ಟು ೧,೬೭,೭೭,೨೧೬ ಬಣ್ಣಗಳು ಆಗಬಹುದು. ಇಷ್ಟರಲ್ಲಿ ಆರನ್ನು ಆರಿಸುವುದೇ ನಮ್ಮ ಕೆಲಸ. ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ನನ್ನ ಸೂಚನೆ ಹೀಗಿದೆ:

ಕಲ್ಲು: ೭೪, ೭೮, ೭೬.
ಹಂಡೆ: ೧೬೮, ೯೮, ೬೨.
ಸೊಪ್ಪು: ೧೪೦, ೧೫೬, ೧೨೬.
ನೀರು: ೧೬೦, ೧೯೦, ೧೯೬.
ಕಡಲೆಹಿಟ್ಟು: ೨೨೬, ೨೦೯, ೧೭೮.
ಪಂಚೆ: ೨೪೪, ೨೩೯, ೨೨೮.

ಈ ಅಂಕೆಗಳನ್ನು ಮನಸ್ಸಿಗೆ ಬಂದಂತೆ ಇಟ್ಟುದಲ್ಲ. ಪುಟವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿದರೆ ಈ ಆರೂ ಕತ್ತಲೆಯಿಂದ ಬೆಳಕಿನವರೆಗೆ ಸುಮಾರಾಗಿ ಸಮನಾದ ಮೆಟ್ಟಿಲುಗಳಾಗಿ ನಿಲ್ಲುವುವು. ಅವುಗಳ ಬೆಳಕಿನ ಮಟ್ಟ ಕ್ರಮವಾಗಿ ೭೭, ೧೧೫, ೧೪೮, ೧೮೨, ೨೧೧, ೨೩೯ರಷ್ಟು. ಬಣ್ಣ ಬೇರೆಯಾಗಿದ್ದೂ ಮೆಟ್ಟಿಲು ಒಂದೇ ಆಗಿದ್ದರೆ, ಹತ್ತಿರ ಇಟ್ಟಾಗ ಅವೆರಡೂ ಕಲಸಿಹೋಗುವುವು. ಎಲೆಯು ಕಾಗದದಲ್ಲಿ ಮುಳುಗುವುದು, ರಿಬ್ಬನ್ನು ಕಾಣದಾಗುವುದು. ನಿಮ್ಮದೇ ಬಣ್ಣಗಳನ್ನು ಆರಿಸಿಕೊಳ್ಳುವವರು ಈ ಒಂದು ಪರೀಕ್ಷೆಯನ್ನು ತಪ್ಪದೆ ಮಾಡತಕ್ಕದ್ದು.

ಅಕ್ಷರಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಪರದೆಯ ಮೇಲಿನ ಸಣ್ಣ ಅಕ್ಷರಕ್ಕೂ ಅದರ ಹಿನ್ನೆಲೆಗೂ ಬೆಳಕಿನ ಅಂತರವು ನಾಲ್ಕೂವರೆಗೆ ಒಂದರಷ್ಟಾದರೂ, ದೊಡ್ಡ ಅಕ್ಷರಕ್ಕೆ ಮೂರಕ್ಕೆ ಒಂದರಷ್ಟಾದರೂ ಇರಬೇಕೆಂದು ಅಂತರಜಾಲದ ಮಾನಕಗಳನ್ನು ರೂಪಿಸುವ ಸಂಸ್ಥೆಯು ವಿಧಿಸಿದೆ. ಪಂಚೆಯ ಮೇಲೆ ಕಲ್ಲಿನ ಬಣ್ಣದಿಂದ ಬರೆದರೆ ಆ ಅಂತರ ಏಳಕ್ಕೂ ಮೇಲೆ. ಹಂಡೆಯ ಬಣ್ಣದಿಂದ ಬರೆದರೆ ಸುಮಾರು ನಾಲ್ಕು, ಎಂದರೆ ತಲೆಬರಹಕ್ಕೆ ಸಾಕು, ಸಣ್ಣ ಬರಹಕ್ಕೆ ಸಾಲದು. ನೀರಿನ ಬಣ್ಣದಿಂದ ಬರೆದರೆ ಎರಡನ್ನೂ ಮುಟ್ಟದು. ನೋಡುವುದಕ್ಕೆ ಸೊಗಸಾಗಿದೆಯೆಂದು ತಿಳಿನೀಲಿಯಲ್ಲಿ ಬರೆದ ಮಾತನ್ನು, ಕನ್ನಡಕ ಹಾಕಿಕೊಂಡ ಅಜ್ಜಿಯು ಓದಲಾರದೆ ಪುಟವನ್ನು ಮೊಮ್ಮಗಳ ಕೈಗೆ ಕೊಡಬೇಕಾಗುವುದು. ಓದಲಾಗದ ಬರಹದಿಂದ ಯಾರಿಗೇನು ಪ್ರಯೋಜನ?

ಈಗ ಮುಖದ ಸುತ್ತಣ ಏರ್ಪಾಡು. ಪುಟದ ವಿಸ್ತಾರವನ್ನು ಹತ್ತು ಪಾಲು ಮಾಡಿ, ಆರು ಪಾಲನ್ನು ಕಡಲೆಹಿಟ್ಟಿಗೂ ಪಂಚೆಗೂ, ಮೂರು ಪಾಲನ್ನು ಸೊಪ್ಪಿಗೂ ನೀರಿಗೂ, ಒಂದು ಪಾಲನ್ನು ಹಂಡೆಗೂ ಕಲ್ಲಿಗೂ ಕೊಡಬಹುದು. ಆದರೆ ಭಾವಚಿತ್ರಕ್ಕೆ ತಾಗಿದಂತೆ ಪಂಚೆಯ ಬಿಳುಪನ್ನು ಇಡಬಾರದು. ಚಿತ್ರಕ್ಕೆ ಮೊದಲು ಕಲ್ಲಿನ ಬಣ್ಣದ ಸಣ್ಣ ಅಂಚು, ಅದರ ಹೊರಗೆ ಅಗಲವಾಗಿ ಕಡಲೆಹಿಟ್ಟು, ಅದಕ್ಕೂ ಹೊರಗೆ ಸೊಪ್ಪು ಅಥವಾ ನೀರು, ಕೊನೆಗೆ ಪುಟದ ಅಂಚಿನಲ್ಲಿ ಮಾತ್ರ ಪಂಚೆ. ಹೀಗೆ ಜೋಡಿಸಿದರೆ, ಕಪ್ಪು ಬಟ್ಟೆಯ ಮೇಲಿನ ಕಂದು ಕಾಗದದಂತೆ ಮುಖವು ಒಳಗಿನಿಂದ ಬೆಳಗುವುದು. ಹಂಡೆಯ ಕೆಂಪನ್ನು ಒಂದು ಗುಂಡಿಯಲ್ಲಿಯೋ ರಿಬ್ಬನ್ನಿನ ಒಂದು ಎಳೆಯಲ್ಲಿಯೋ ಇಟ್ಟರೆ, ಮುಖದ ಬಿಸುಪಿಗೆ ಪುಟದಲ್ಲಿ ಒಬ್ಬ ನೆಂಟ ದೊರೆತಂತಾಗಿ ಕಣ್ಣು ಅವೆರಡರ ನಡುವೆ ಓಡಾಡುವುದು. ಹಸಿರನ್ನೂ ನೀಲಿಯನ್ನೂ ಮಾಸಲಾಗಿ ಇಟ್ಟಿರುವುದರ ಕಾರಣವೂ ಇದೇ. ಅವು ಹೊಳೆಯತೊಡಗಿದರೆ ಮುಖವು ಕೆಂಪೇರುವುದು. ಮಾಸಲಾಗಿದ್ದರೆ ಮುಖಕ್ಕೆ ಹಿತವಾದಷ್ಟೇ ಕಾವು ಬರುವುದು.

ಪರದೆಯಲ್ಲಿ ಕಂಡುದು ಕಾಗದದಲ್ಲಿ ಕಾಣದಿರುವುದಕ್ಕೂ ಸಿದ್ಧರಾಗಿರಬೇಕು. ಪರದೆಯು ಬೆಳಕನ್ನು ಸೂಸುವುದು. ಕಾಗದವು ಬಿದ್ದ ಬೆಳಕಿನಲ್ಲಿ ಒಂದಂಶವನ್ನು ನುಂಗಿ ಉಳಿದುದನ್ನು ಹಿಂದಕ್ಕೆ ಕೊಡುವುದು. ಹೊಳೆಯುವ ನೀಲಿಹಸಿರುಗಳಲ್ಲಿ ಅನೇಕವನ್ನು ಮುದ್ರಣದ ಮಸಿಯಿಂದ ಹುಟ್ಟಿಸುವುದೇ ಅಸಾಧ್ಯ. ಅಚ್ಚಾಗಿ ಬಂದಾಗ ಅವು ಕುಂದಿ ಬರುವುವು. ಮಾಸಲು ಬಣ್ಣಗಳಿಗೆ ಈ ಅಪಾಯ ಕಡಮೆ. ಎಲ್ಲ ಹಾಳೆಗಳನ್ನೂ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಕ್ರಮದಲ್ಲಿ ಉಳಿಸಿ, ಪುಸ್ತಕವನ್ನೆಲ್ಲ ಅಚ್ಚುಹಾಕಿಸುವುದಕ್ಕೆ ಮುಂಚೆ ಒಂದು ಪುಟವನ್ನು ನಾಲ್ಕು ಅಂಗುಲ ಆರು ಅಂಗುಲದ ಸಣ್ಣ ಪ್ರತಿಯಾಗಿ ಫೋಟೋ ಸ್ಟುಡಿಯೋದಲ್ಲಿ ತೆಗೆಯಿಸಿ ನೋಡುವುದು ಲೇಸು. ಅದನ್ನು ಹಗಲಿನಲ್ಲಿ ಕಿಟಕಿಯ ಬಳಿಯೂ, ರಾತ್ರಿ ಮನೆಯ ದೀಪದ ಕೆಳಗೂ ನೋಡಬೇಕು. ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡುವ ನಮ್ಮ ಹೆಂಗಸರಿಗೆ ಇದನ್ನು ಬೇರೆ ಕಲಿಸಬೇಕಾದುದಿಲ್ಲ.

ಮಾಡಿದ ಕಿಟ್ಟನ್ನು ಇತರರಿಗೆ ಕೊಡುವ ಇಲ್ಲವೆ ಮಾರುವ ಉದ್ದೇಶವಿದ್ದರೆ ಹೊಣೆಯು ಇನ್ನೂ ಹೆಚ್ಚು. ಅದರಲ್ಲಿ ಯಾರ ಮುಖ ಬಂದು ಕೂರುವುದೋ ಮಾಡುವವರು ಅರಿಯರು. ಇದಕ್ಕೆ ಸಂಬಂಧಿಸಿದ ಒಂದು ಪೂರ್ವಚರಿತ್ರೆಯುಂಟು. ಕೊಡಾಕ್ ಕಂಪನಿಯು ಬಣ್ಣದ ಭಾವಚಿತ್ರಗಳ ಮುದ್ರಣವನ್ನು ಸರಿಪಡಿಸಿಕೊಳ್ಳಲು ಫೋಟೋ ಮುದ್ರಿಸುವವರಿಗೆ ಷರ್ಲಿ ಕಾರ್ಡ್ ಎಂಬ ಮಾದರಿಚಿತ್ರವನ್ನು ಕಳುಹಿಸುತ್ತಿದ್ದಿತು. ದಶಕಗಳ ಕಾಲ ಅದರಲ್ಲಿದ್ದುದು ಬಿಳಿಯ ಮೈಬಣ್ಣದ ಸ್ತ್ರೀಯ ಚಿತ್ರ ಮಾತ್ರ. ಆಕೆಯ ಮುಖಕ್ಕೆ ಸರಿಹೊಂದಿಸಿದ ಏರ್ಪಾಡಿನಲ್ಲಿ ಕಪ್ಪು ಮುಖಗಳು ವಿವರಗಳನ್ನು ಕಳೆದುಕೊಂಡು ಮಸುಕಾಗಿ ಬರುತ್ತಿದ್ದುವು. ನಾನಾ ಮೈಬಣ್ಣದ ಸ್ತ್ರೀಯರನ್ನು ಒಟ್ಟಿಗೆ ಕೂರಿಸಿದ ಕಾರ್ಡು ಬಂದುದು ೧೯೯೦ರ ದಶಕದಲ್ಲಿ. ಎಷ್ಟು ಮನೆಗಳಲ್ಲಿ ಎಷ್ಟು ಜನ, ದೋಷವು ತಮ್ಮ ಮುಖದ್ದೇ ಎಂದು ನಂಬಿ ಕುಳಿತಿದ್ದರೋ! ಈಗ ಎಲ್ಲಿಸ್ ಮಂಕ್ ಎಂಬ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರಜ್ಞರು ಸಿದ್ಧಪಡಿಸಿದ, ೨೦೨೨ರಲ್ಲಿ ಗೂಗಲ್ ಸಂಸ್ಥೆಯು ಎಲ್ಲರಿಗೂ ಬಳಸಲು ಬಿಟ್ಟುಕೊಟ್ಟ ಹತ್ತು ಮೈಬಣ್ಣಗಳ ಒಂದು ಪಟ್ಟಿ ದೊರೆಯುತ್ತದೆ. ಆ ಹತ್ತನ್ನೂ ಸಾಲಾಗಿ ಬರೆದುಕೊಂಡು, ನಿಮ್ಮ ಒಂದೊಂದು ಕಾಗದದ ಮೇಲೂ ಇಟ್ಟು ನೋಡಿರಿ. ಯಾವ ಕಾಗದದಲ್ಲಿ ಹತ್ತರಲ್ಲಿ ಒಂದಾದರೂ ಕುಂದಿದಂತೆ ಕಾಣುವುದೋ, ಆ ಕಾಗದವನ್ನು ಚಿತ್ರದ ಬದಿಗೆ ಬಳಸದೆ ಪುಟದ ಮೂಲೆಗೆ ಮೀಸಲಿಡಿರಿ.

ಮುಖವನ್ನು ತಿಳಿಯಾಗಿಸಬಾರದೆಂದು ಮೊದಲೇ ಹೇಳಿದೆನಷ್ಟೆ. ಬೆಳಕು ಸಾಲದೆ ಕತ್ತಲೆಯಾಗಿ ಬಿದ್ದ ಚಿತ್ರಕ್ಕೆ ಒಟ್ಟಾಗಿ ಬೆಳಕು ಕೂಡಿಸುವುದು ದೋಷವಲ್ಲ. ಅದು ದೀಪ ಹಚ್ಚಿದಂತೆ. ಮುಖವೊಂದನ್ನೇ ಬಿಡಿಸಿ ಬಿಳುಪು ಬಳಿಯುವುದು ಮಾತ್ರ ಬೇರೆ ಕೆಲಸ. ಚಿತ್ರಸಂಪುಟವು ಮುಂದೆ ಮೊಮ್ಮಕ್ಕಳ ಕೈಗೆ ಹೋಗತಕ್ಕ ವಸ್ತು. ಅವರು ಅದನ್ನು ತೆರೆದು, ತಮ್ಮ ಕೈಯನ್ನು ಅದರ ಪಕ್ಕದಲ್ಲಿಟ್ಟು, “ನನ್ನದು ಅಜ್ಜಿಯ ಬಣ್ಣ” ಎಂದು ಹೇಳುವಂತಿರಬೇಕು. ಬಳಿದ ಮುಖವನ್ನಿಟ್ಟರೆ ಆ ಮಗುವಿಗೆ ಆ ಮಾತು ಇಲ್ಲದಂತಾಗುವುದು. ಅದರ ಬದಲಾಗಿ, ನನ್ನ ಬಣ್ಣ ಎಲ್ಲಿಂದ ಬಂದಿತೋ ಎಂಬ ಸಂಕೋಚ ಉಳಿಯುವುದು. ಒಂದು ಸಂಜೆ ಕುಳಿತು ಆರು ಬಣ್ಣಗಳನ್ನು ತಿದ್ದಿದರೆ ಮುಗಿಯುವ ಕೆಲಸಕ್ಕೆ ಒಂದು ವಂಶದ ಮುಖವನ್ನು ತಿದ್ದಬೇಕಾದುದಿಲ್ಲ.

ಆರಿಸಿದ ಬಣ್ಣಗಳ ಅಂಕೆಗಳನ್ನು ಕಿಟ್ಟಿನೊಡನೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ವರ್ಷ ಇನ್ನೆರಡು ಕಾಗದ ಬೇಕಾದಾಗ ಹುಡುಕಾಡಬೇಕಾಗುವುದಿಲ್ಲ. ಆರನ್ನು ಏಳು ಮಾಡುವ ಆಸೆ ಹುಟ್ಟಿದರೆ, ಮೊದಲು ಒಂದನ್ನು ತೆಗೆದು ಆಮೇಲೆ ಇನ್ನೊಂದನ್ನು ಸೇರಿಸಿರಿ. ಪುಟದ ಕೆಳಗೆ ಏನು ಬರೆಯಬೇಕು, ಎಷ್ಟು ಬರೆಯಬೇಕು ಎಂಬುದನ್ನು ಬರುವ ತಿಂಗಳು ವಿಚಾರಮಾಡೋಣ.